ಗ್ರೀಸ್‌ಗೆ ಹೊರಟಿದ್ದೇವೆ: ಮಗಳು ಏಳನೇ ಕ್ಲಾಸು, ಮಗ ಎಲ್‌ಕೆಜಿ. ಅಲ್ಲಿ ಶಾಲೆ ಹೇಗೆ?

ಗುತ್ತಲು_ರೋಡ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ನಮ್ಮ ಯಜಮಾನರು ಹಡಗಿನ ಎಂಜಿನಿಯರ್. ಇಷ್ಟು ವರ್ಷ ಆರು ತಿಂಗಳು ಸಮುದ್ರ, ಆರು ತಿಂಗಳು ಮನೆ ಅಂತ ಹೇಗೋ ನಡೆದುಕೊಂಡು ಬಂತು. ಈಗ ಕಂಪನಿಯವರು ಅವರನ್ನು ಪಿರೇಯಸ್ ಆಫೀಸಿಗೆ ಹಾಕಿದ್ದಾರೆ. ಅಥೆನ್ಸ್‌ಗೆ ಅಂಟಿಕೊಂಡಿರುವ ಬಂದರು ಅದು. ಆಗಸ್ಟ್ ಕೊನೆಗೆ ನಾವೆಲ್ಲ ಹೊರಡಬೇಕು.

ಮಗಳು ಹುಟ್ಟಿದ್ದು 2013ರ ನವೆಂಬರ್. ಇಲ್ಲಿ ಏಳನೇ ಕ್ಲಾಸಿಗೆ ಸೇರಿಸಿ, ಪೂರ್ತಿ ವರ್ಷದ ಫೀಸ್ ಕಟ್ಟಿ ಆಗಿದೆ. ಮಗ 2021ರ ಜನವರಿ, ಎಲ್‌ಕೆಜಿ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಬರೀ ಗೊಂದಲ. ಒಂದು ಕಡೆ ಹನ್ನೆರಡು ವರ್ಷದ ಮಕ್ಕಳು ಜಿಮ್ನೇಸಿಯಂಗೆ ಹೋಗುತ್ತಾರೆ ಅಂತ ಇತ್ತು. ಇವರು ಅದನ್ನು ಓದಿ, 'ಮಗಳನ್ನು ಗರಡಿಮನೆಗೆ ಸೇರಿಸಬೇಕಂತೆ' ಅಂತ ನಗುತ್ತಾ ಕೂತರು. ನನಗೆ ನಗು ಬರಲಿಲ್ಲ.

ನನಗೆ ಗೊತ್ತಾಗಬೇಕಿರುವುದು ಇಷ್ಟು. ಮಗಳಿಗೆ ವರ್ಷ ಹಾಳಾಗುತ್ತಾ? ಸರ್ಕಾರಿ ಶಾಲೆಗೆ ಹಾಕಬಹುದಾ, ಫೀಸ್ ಎಷ್ಟು? ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಅಂತ ಏನಾದರೂ ಇದೆಯಾ? ಚಿಕ್ಕವನನ್ನು ಇನ್ನೊಂದು ವರ್ಷ ಮನೆಯಲ್ಲೇ ಇಟ್ಟುಕೊಂಡರೆ ಆಗುತ್ತಾ? ನಮ್ಮ ಅತ್ತೆಯದು ಒಂದೇ ಪ್ರಶ್ನೆ: 'ಅಲ್ಲಿ ಮಗೂಗೆ ಅ ಆ ಇ ಈ ಯಾರು ಹೇಳಿಕೊಡ್ತಾರೆ?' ಅದಕ್ಕೂ ಯಾರ ಹತ್ತಿರವಾದರೂ ಉತ್ತರ ಇದ್ದರೆ ಹೇಳಿ.


ಹಿನ್ನೀರು_77 ಬರೆದದ್ದು:

ಅಕ್ಕಾ, ತಲೆ ಕೆಡಿಸಿಕೊಳ್ಳಬೇಡಿ. ಅಥೆನ್ಸ್‌ನಲ್ಲಿ ಇಂಗ್ಲಿಷ್ ಮೀಡಿಯಂ ಇಂಟರ್‌ನ್ಯಾಷನಲ್ ಶಾಲೆಗಳಿವೆ. ಅಲ್ಲಿಗೆ ಹಾಕಿ, ಮುಗೀತು. ಕಂಪನಿಯವರೇ ಫೀಸ್ ಕೊಡುತ್ತಾರಾ ಕೇಳಿ ನೋಡಿ. ಗ್ರೀಕ್ ಕಲಿತು ಮಕ್ಕಳು ಏನು ಮಾಡಬೇಕು? ನಾಳೆ ಮಂಡ್ಯಕ್ಕೆ ವಾಪಸ್ ಬಂದರೆ ಆ ಭಾಷೆ ಯಾರಿಗೆ ಬೇಕು?


ಒಂಟಿಕೊಪ್ಪಲಿನವಳು ಬರೆದದ್ದು:

ಗುತ್ತಲು ರೋಡ್ ಅವರೇ, ನಾನು ಹುಟ್ಟಿ ಬೆಳೆದಿದ್ದು ಮೈಸೂರಿನ ಒಂಟಿಕೊಪ್ಪಲು. ಒಂಬತ್ತು ವರ್ಷದಿಂದ ಥೆಸಲೊನಿಕಿಯಲ್ಲಿದ್ದೇನೆ, ಗ್ರೀಸ್‌ನ ಎರಡನೇ ದೊಡ್ಡ ಊರು. ಅಲ್ಲಿನ ಶಾಲೆಗಳಿಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ರಜ. ಹಾಗಾಗಿ ಈಗ ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಕಾಫಿ ತಂದು ಇಟ್ಟುಕೊಳ್ಳಿ.

ಮೊದಲು ನಿಮ್ಮ ಭಯ ಕಳೆಯೋಣ. ಅಲ್ಲಿ ಕ್ಲಾಸು ತೀರ್ಮಾನ ಆಗುವುದು ಹುಟ್ಟಿದ ವರ್ಷದ ಮೇಲೆ. ಯಾವ ವರ್ಷದ ಡಿಸೆಂಬರ್ 31ರೊಳಗೆ ಆರು ತುಂಬುತ್ತದೋ, ಆ ವರ್ಷದ ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು. ನಮ್ಮಲ್ಲಿ ಜೂನ್ 1ಕ್ಕೆ ಆರು ತುಂಬಿರಬೇಕು, ಇಲ್ಲ, ಐದು ವರ್ಷ ಐದು ತಿಂಗಳು ಸಾಕು ಅಂತೆಲ್ಲ ಗಲಾಟೆ ಆಯಿತಲ್ಲ, ಅಲ್ಲಿ ಅದಿಲ್ಲ. ಜನವರಿಯ ಮಗುವೂ ಡಿಸೆಂಬರಿನ ಮಗುವೂ ಒಂದೇ ಬೆಂಚು. ನಿಮ್ಮ ಮಗಳು 2013ರವಳು ಅಂದರೆ ಈ ಸೆಪ್ಟೆಂಬರ್‌ಗೆ ಅಲ್ಲೂ ಏಳನೇ ವರ್ಷಕ್ಕೆ ಬರುತ್ತಾಳೆ. ಇಲ್ಲಿ ಏಳು, ಅಲ್ಲೂ ಏಳು. ವರ್ಷ ಹಾಳಾಗಲ್ಲ. ಇಲ್ಲಿ ಕಟ್ಟಿದ ಫೀಸ್ ಮಾತ್ರ ಹೋಯಿತು ಅಂದುಕೊಳ್ಳಿ.

ಆ ಏಳನೇ ವರ್ಷದ ಹೆಸರೇ ನಿಮ್ಮ ಯಜಮಾನರನ್ನು ನಗಿಸಿದ್ದು. ಆರು ವರ್ಷದ ಪ್ರೈಮರಿಗೆ 'ದಿಮೊತಿಕೊ' ಅಂತಾರೆ. ಆಮೇಲೆ ಮೂರು ವರ್ಷ 'ಯಿಮ್ನಾಸಿಯೊ', ಅದಾದ ಮೇಲೆ ಮೂರು ವರ್ಷ 'ಲೀಕಿಯೊ'. ಯಿಮ್ನಾಸಿಯೊ ಅಂದರೆ ನಮ್ಮ ಹೈಸ್ಕೂಲ್ ಇದ್ದ ಹಾಗೆ. ಅವರು ಗರಡಿಮನೆ ಅಂದಿದ್ದು ಪೂರ್ತಿ ತಪ್ಪೂ ಅಲ್ಲ. ಹಳೇ ಕಾಲದಲ್ಲಿ ಅದು ಗರಡಿಮನೆಯೇ, ಹುಡುಗರು ಕುಸ್ತಿ ಕಲಿಯುತ್ತಿದ್ದ ಜಾಗ. ಲೀಕಿಯೊ ಅನ್ನುವ ಹೆಸರು ಅಥೆನ್ಸ್‌ನಲ್ಲಿ ಅರಿಸ್ಟಾಟಲ್ ಪಾಠ ಹೇಳುತ್ತಿದ್ದ ಜಾಗದಿಂದ ಬಂದಿದ್ದು.

ಚಿಕ್ಕವನನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿ ನಾಲ್ಕು ವರ್ಷದಿಂದ ಹದಿನೈದರ ತನಕ ಶಾಲೆ ಕಡ್ಡಾಯ. ಮೊದಲ ಎರಡು ವರ್ಷ 'ನಿಪಿಯಾಗೊಯೀಯೊ', ನಮ್ಮ ಎಲ್‌ಕೆಜಿ ಯುಕೆಜಿ ಥರ. ಮೊದಲು ಐದು ವರ್ಷಕ್ಕೆ ಕಡ್ಡಾಯ ಇತ್ತು, 2018ರ ಕಾನೂನಿನಿಂದ ನಾಲ್ಕಕ್ಕೆ ಇಳಿಸಿದರು. ಇಲ್ಲಿಯ ಎಲ್‌ಕೆಜಿ ಹಾಗೆ ಬರೆಸಿ ಬರೆಸಿ ಸಾಯಿಸಲ್ಲ. ಆಟ, ಬಣ್ಣ, ಹಾಡು. ನಿಮ್ಮ ಮಗ ಎರಡು ವರ್ಷ ಅಲ್ಲಿ ಕೂತರೆ ಸಾಕು, ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ನಿಮಗೇ ಗ್ರೀಕ್ ಹೇಳಿಕೊಡುತ್ತಾನೆ. ಅವನ ಬಗ್ಗೆ ಚಿಂತೆ ಬಿಡಿ.

ಫೀಸ್ ಇಲ್ಲ. ಪುಸ್ತಕವೂ ಸರ್ಕಾರದ್ದೇ, ಮೊದಲ ದಿನ ರಾಶಿ ಹಾಕಿ ಹಂಚುತ್ತಾರೆ. ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ ಅಂತ ಬೇರೆ ಬೇರೆ ದಾರಿಗಳಿಲ್ಲ. ಪಠ್ಯ, ವೇಳಾಪಟ್ಟಿ, ಪುಸ್ತಕ ಎಲ್ಲ ಅಥೆನ್ಸ್ ಪಕ್ಕದ ಮರೂಸಿಯಲ್ಲಿರುವ ಶಿಕ್ಷಣ ಸಚಿವಾಲಯದಿಂದ ಬರುತ್ತವೆ. ಯೂನಿಫಾರ್ಮೂ ಇಲ್ಲ. ಮುಂಚೆ ಹುಡುಗಿಯರಿಗೆ ನೀಲಿ ಗೌನು ಇತ್ತಂತೆ, 1982ರಲ್ಲಿ ತೆಗೆದು ಹಾಕಿದರು.

ಈಗ ಮುಖ್ಯ ವಿಷಯ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸರ್ಕಾರಿ ಶಾಲೆಯನ್ನು ನೀವು ಆರಿಸುವುದಲ್ಲ, ನಿಮ್ಮ ಮನೆಯ ವಿಳಾಸ ಆರಿಸುತ್ತದೆ. ಯಾವ ಬೀದಿಯಲ್ಲಿ ಮನೆಯೋ ಆ ಬೀದಿಯ ಶಾಲೆ. ಗ್ರೀಕ್ ಬಾರದ ಮಕ್ಕಳಿಗೆ ಭಾಷೆ ಹೇಳಿಕೊಡಲು ಬೇರೆಯಾಗಿ ಕೂರಿಸುವ ತರಗತಿಗಳಿವೆ, 'ಸ್ವಾಗತ ತರಗತಿ' ಅನ್ನುವ ಅರ್ಥದ ಹೆಸರು. ದಿನದ ಕೆಲವು ಗಂಟೆ ಅಲ್ಲಿ, ಉಳಿದ ಗಂಟೆ ತಮ್ಮ ಕ್ಲಾಸಿನ ಮಕ್ಕಳ ಜೊತೆ. ಆದರೆ ಅದು ಎಲ್ಲ ಶಾಲೆಯಲ್ಲೂ ಇರಲ್ಲ. ನಾವು ಸಮುದ್ರ ಕಾಣುವ ಬಾಲ್ಕನಿ ನೋಡಿ ಮರುಳಾಗಿ ಮನೆ ಹಿಡಿದೆವು. ಆ ಏರಿಯಾದ ಶಾಲೆಯಲ್ಲಿ ಈ ತರಗತಿ ಇರಲಿಲ್ಲ. ಮಗ ಆಗ ಏಳು ವರ್ಷದವನು, ಎರಡನೇ ಕ್ಲಾಸು. ಮೊದಲ ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಚಿತ್ರ ಬರೆದುಕೊಂಡು ಕೂತಿದ್ದ. ಟೀಚರ್ ಕೆಟ್ಟವರಲ್ಲ, ಪಾಪ, ಇಪ್ಪತ್ತು ಮಕ್ಕಳನ್ನು ಬಿಟ್ಟು ಇವನೊಬ್ಬನ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾರೆ? ಕೊನೆಗೆ ಮನೆ ಬದಲಾಯಿಸಿದೆವು. ಬಾಲ್ಕನಿ ಹೋಯಿತು, ಮಗನಿಗೆ ಮಾತು ಬಂತು.

ಆದ್ದರಿಂದ ನಿಮ್ಮ ಯಜಮಾನರಿಗೆ ಹೇಳಿ: ಮನೆ ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲು ಆ ಏರಿಯಾದ ಯಿಮ್ನಾಸಿಯೊಗೆ ಹೋಗಿ ಈ ತರಗತಿ ಇದೆಯಾ ಅಂತ ವಿಚಾರಿಸಲಿ. ಹೊರದೇಶದ ಮಕ್ಕಳಿಗೆ ಅಂತಲೇ ನಡೆಸುವ 'ಅಂತರ್‌ಸಂಸ್ಕೃತಿ' ಶಾಲೆಗಳೂ ಇವೆ, 1996ರ ಕಾನೂನಿನಿಂದ ಶುರುವಾದವು. ಅದು ಸಿಕ್ಕರೆ ಇನ್ನೂ ಒಳ್ಳೆಯದು.

ದಾಖಲೆಗೆ ಲಸಿಕೆ ಪುಸ್ತಕ ಮರೆಯಬೇಡಿ. ಇಲ್ಲಿಯ ಟಿಸಿ, ಮಾರ್ಕ್ಸ್ ಕಾರ್ಡ್, ಜನನ ಪ್ರಮಾಣಪತ್ರಕ್ಕೆ ಅಪೊಸ್ಟೀಲ್ ಮುದ್ರೆ (ದಾಖಲೆ ಅಸಲಿ ಅಂತ ಹೊರದೇಶಕ್ಕಾಗಿ ಸರ್ಕಾರ ಹಾಕಿಕೊಡುವ ಮುದ್ರೆ) ಹಾಕಿಸಿ, ಗ್ರೀಕ್‌ಗೆ ಅನುವಾದ ಮಾಡಿಸಬೇಕು. ಕಾಗದ ಪೂರ್ತಿ ಇಲ್ಲದಿದ್ದರೂ ಮಗುವನ್ನು ಸೇರಿಸಿಕೊಳ್ಳುತ್ತಾರೆ, ಆಮೇಲೆ ತನ್ನಿ ಅಂತಾರೆ. ಅನುವಾದ ಆದ ತಕ್ಷಣ ತಾರೀಕು ಓದಿ ನೋಡಿ. ನಮ್ಮದನ್ನು ಮಾಡಿಕೊಟ್ಟ ಏಜೆಂಟ್ ಮಗನ 3-12 ಅನ್ನು 12-3 ಮಾಡಿಬಿಟ್ಟಿದ್ದ. ವರ್ಷ ಒಂದೇ ಆದ್ದರಿಂದ ಕ್ಲಾಸು ಬದಲಾಗಲಿಲ್ಲ. ಆದರೆ ಲಸಿಕೆ ಪುಸ್ತಕದ ಜೊತೆ ತಾಳೆ ಆಗದೆ ನಾಲ್ಕು ಸಲ ಓಡಾಡಿದೆ.

ಹಿನ್ನೀರು ಅವರೇ, ನಿಮ್ಮ ಮಾತು ಸುಳ್ಳಲ್ಲ. ಎರಡು ವರ್ಷಕ್ಕೆ ಹೋಗಿ ಬರುವವರಿಗೆ ಇಂಟರ್‌ನ್ಯಾಷನಲ್ ಶಾಲೆ ಸರಿ. ಆದರೆ ಇವರು ಎಷ್ಟು ವರ್ಷಕ್ಕೆ ಹೋಗುತ್ತಿದ್ದಾರೆ ಅಂತ ಹೇಳಿಲ್ಲ. ಮತ್ತೆ, ಕೆಳಗಿನ ಮನೆಯ ಮಕ್ಕಳು ಕರೆದರೆ ಅಂಗಳಕ್ಕೆ ಇಳಿದು ಆಡಲು ಯಾವ ಭಾಷೆ ಬೇಕು ಹೇಳಿ?


ಗುತ್ತಲು_ರೋಡ್ ಬರೆದದ್ದು:

ಅಕ್ಕಾ, ಕೈ ಮುಗಿದೆ. ನಿಮ್ಮ ಮೆಸೇಜನ್ನು ಇವರಿಗೆ ಓದಿ ಹೇಳಿದೆ. ಅವರೂ ಸಮುದ್ರ ಕಾಣುವ ಮನೆಯನ್ನೇ ನೋಡಿ ಇಟ್ಟಿದ್ದಾರಂತೆ! ಇಷ್ಟು ವರ್ಷ ನೋಡಿದ ಸಮುದ್ರ ಸಾಕಾಗಿಲ್ಲವಾ ಅಂತ ಬೈದೆ.

ಕಾಂಟ್ರ್ಯಾಕ್ಟ್ ಐದು ವರ್ಷದ್ದು, ಮುಂದುವರಿಯಲೂಬಹುದು. ಕಂಪನಿ ಫೀಸ್ ಕೊಡಲ್ಲ. ಮಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ಅವಳು ಕ್ಲಾಸಿನಲ್ಲಿ ಮುಂದಿರುವ ಹುಡುಗಿ, ಲೆಕ್ಕದಲ್ಲಿ ಜೋರು. ಅಲ್ಲಿ ಹೋಗಿ ಹಿಂದೆ ಬಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಅಂತ ಭಯ. ಶಾಲೆ ಎಷ್ಟು ಗಂಟೆಗೆ ಬಿಡುತ್ತೆ?


ಮದ್ದೂರು_ಮೇಷ್ಟ್ರು ಬರೆದದ್ದು:

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಗ್ರೀಸ್ ಕಂಡವನಲ್ಲ, ಸುಮ್ನೆ ಕುತೂಹಲಕ್ಕೆ ಕೇಳುತ್ತೇನಮ್ಮ. ನಮ್ಮಲ್ಲಿ ಕಡ್ಡಾಯ ಶಿಕ್ಷಣ ಆರರಿಂದ ಹದಿನಾಲ್ಕು, ಅವರದು ನಾಲ್ಕರಿಂದ ಹದಿನೈದು. ಅಲ್ಲಿಗೆ ಎಸ್ಸೆಸ್ಸೆಲ್ಸಿ ಥರದ ಗುಮ್ಮ ಇದೆಯೋ ಇಲ್ಲವೋ? ಇನ್ನೊಂದು, ಅವರ ಹಳೇ ಗ್ರೀಕ್‌ಗೂ ಈಗಿನ ಗ್ರೀಕ್‌ಗೂ ನಮ್ಮ ಹಳಗನ್ನಡ ಹೊಸಗನ್ನಡದಷ್ಟೇ ದೂರವೋ? ಶಾಲೆಯಲ್ಲಿ ಯಾವುದನ್ನು ಕಲಿಸುತ್ತಾರೆ?


ಒಂಟಿಕೊಪ್ಪಲಿನವಳು ಬರೆದದ್ದು:

ಮೇಷ್ಟ್ರೇ ನಮಸ್ಕಾರ. ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತಗೋತೀನಿ, ಅದರಲ್ಲೇ ಇವರ ಮಗಳ ಕಷ್ಟವೂ ಇದೆ.

ಎರಡನ್ನೂ ಕಲಿಸುತ್ತಾರೆ. ಯಿಮ್ನಾಸಿಯೊದಿಂದಲೇ ಹಳೇ ಗ್ರೀಕ್ ಶುರು. ಹೋಮರನ ಕಾವ್ಯವನ್ನು ಮಾತ್ರ ಹೊಸ ಗ್ರೀಕಿನ ಅನುವಾದದಲ್ಲಿ ಓದಿಸುತ್ತಾರೆ, ಅಷ್ಟು ಪುಣ್ಯ. ಪಂಪನನ್ನು ಗದ್ಯಾನುವಾದದಲ್ಲಿ ಓದಿಸಿದ ಹಾಗೆ. ಇನ್ನೊಂದು ಗಮ್ಮತ್ತು ಕೇಳಿ. 1976ರ ತನಕ ದೊಡ್ಡ ಕ್ಲಾಸುಗಳಲ್ಲಿ ಮನೆಮಾತಿನ ಗ್ರೀಕ್‌ಗೆ ಹೆಚ್ಚು ಜಾಗ ಇರಲಿಲ್ಲ. ಪಂಡಿತರು ಶುದ್ಧ ಮಾಡಿ ಇಟ್ಟಿದ್ದ ಗ್ರಾಂಥಿಕ ಗ್ರೀಕ್ ನಡೆಯುತ್ತಿತ್ತು. ಆ ವರ್ಷ ಕಾನೂನು ತಂದು ಆಡುಮಾತಿಗೆ ಜಾಗ ಕೊಟ್ಟರು. ಒಂಬತ್ತು ವರ್ಷದ ಕಡ್ಡಾಯ ಶಿಕ್ಷಣವೂ, ಯಿಮ್ನಾಸಿಯೊ ಲೀಕಿಯೊ ಅಂತ ಮೂರು ಮೂರು ವರ್ಷದ ಪಾಲು ಮಾಡಿದ್ದೂ ಅದೇ ಸುಧಾರಣೆಯಲ್ಲಿ. 1982ರಲ್ಲಿ ಅಕ್ಷರದ ತಲೆಮೇಲಿನ ಚಿಹ್ನೆಗಳನ್ನೂ ಕಡಿಮೆ ಮಾಡಿ ಒಂದಕ್ಕೆ ಇಳಿಸಿದರು. ನಮ್ಮ ಮೇಲಿನ ಮನೆಯ ಅಜ್ಜಿ ಈಗಲೂ ಹಳೇ ಚಿಹ್ನೆ ಹಾಕಿಯೇ ದಿನಸಿ ಚೀಟಿ ಬರೆಯುತ್ತಾರೆ.

ಕ್ಲಾಸುಗಳಿಗೆ ಒಂದು ಎರಡು ಅನ್ನಲ್ಲ, ಅಕ್ಷರ ಬರೆಯುತ್ತಾರೆ: ಆಲ್ಫಾ, ವೀತಾ, ಗಾಮಾ, ಹೀಗೆ. ಆರನೇ ಕ್ಲಾಸಿಗೆ ಬಂದಾಗ ಮಾತ್ರ ಎರಡು ಅಕ್ಷರ ಸೇರಿಸಿ 'ಸ್ತ್' ಅಂತ ಬರೆದಿರುತ್ತದೆ. ಯಾಕೆ ಅಂತ ಕೇಳಿದೆ. ಆರಕ್ಕೆ ನಿಂತಿದ್ದ ಅಕ್ಷರ ಎಂದೋ ಭಾಷೆಯಿಂದ ಬಿದ್ದುಹೋಗಿದೆ, ಎಣಿಕೆಯಲ್ಲಿ ಅದರ ಜಾಗ ಮಾತ್ರ ಉಳಿದಿದೆ. ನಮ್ಮ ೞ, ಱ ನೆನಪಾಯಿತು ಮೇಷ್ಟ್ರೇ.

ಎಸ್ಸೆಸ್ಸೆಲ್ಸಿ ಥರದ ಗುಮ್ಮ ಹದಿನೈದಕ್ಕೆ ಇಲ್ಲ. ಯಿಮ್ನಾಸಿಯೊ ಮುಗಿದರೆ ಶಾಲೆಯವರೇ ಪ್ರಮಾಣಪತ್ರ ಕೊಡುತ್ತಾರೆ. ಆಮೇಲೆ ಸಾಮಾನ್ಯ ಲೀಕಿಯೊ ಅಥವಾ ಕಸುಬು ಕಲಿಸುವ ಲೀಕಿಯೊ. ಎರಡನೆಯದಕ್ಕೆ 'ಎಪಾಲ್' ಅಂತಾರೆ. ನಮ್ಮಲ್ಲಿ ಐಟಿಐ ಅಂದರೆ ಮೂಗು ಮುರಿಯುವ ಜನ ಅಲ್ಲೂ ಇದ್ದಾರೆ. ನನಗೇನೋ ಅದು ಅನ್ಯಾಯ ಅನಿಸುತ್ತದೆ, ನಮ್ಮ ಮನೆಯ ಬಾಯ್ಲರ್ ಕೆಟ್ಟಾಗ ಸರಿ ಮಾಡಿದವನು ಎಪಾಲ್ ಹುಡುಗನೇ.

ಗುಮ್ಮ ಕಾದು ಕೂತಿರುವುದು ಹದಿನೆಂಟಕ್ಕೆ. 'ಪನೆಲಿನಿಯೆಸ್' ಅಂತ, ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಮೇ ಕೊನೆಗೆ ಶುರುವಾಗಿ ಜೂನ್‌ಗೆ ನಡೆಯುತ್ತದೆ. ನಾಲ್ಕೇ ವಿಷಯ. ಶಾಲೆಯಲ್ಲಿ ಅಂಕ ಇಪ್ಪತ್ತಕ್ಕೆ, ಇದರಲ್ಲಿ ಲೆಕ್ಕ 20,000ಕ್ಕೆ. ಆ ಅಂಕಕ್ಕೆ 'ಮೋರಿಯಾ' ಅಂತಾರೆ. ನಮ್ಮಮ್ಮ, 'ಮೊಮ್ಮಗ ಎಷ್ಟು ಮೋರಿ ತಗೋಬೇಕಂತೆ?' ಅಂತ ಕೇಳುತ್ತಲೇ ಇರುತ್ತಾರೆ. ಬಂದ ಅಂಕದ ಮೇಲೆ ಯಾವ ಯೂನಿವರ್ಸಿಟಿಯ ಯಾವ ವಿಭಾಗ ಬೇಕು ಅಂತ ಪಟ್ಟಿ ಕೊಡಬೇಕು, ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಇದ್ದ ಹಾಗೆ. 2021ರಿಂದ ಪ್ರತಿ ವಿಭಾಗಕ್ಕೂ ಕನಿಷ್ಠ ಅಂಕ ಇಟ್ಟಿದ್ದಾರೆ. ಸೀಟು ಖಾಲಿ ಬಿದ್ದಿದ್ದರೂ ಅದಕ್ಕಿಂತ ಕಡಿಮೆಯವರಿಗೆ ಕೊಡಲ್ಲ. ಸೀಟು ಸಿಕ್ಕಿತೋ, ಸರ್ಕಾರಿ ಯೂನಿವರ್ಸಿಟಿಯಲ್ಲಿ ಪದವಿ ಓದಿಗೆ ಫೀಸ್ ಇಲ್ಲ, ಸಂವಿಧಾನದ 16ನೇ ವಿಧಿಯಲ್ಲೇ ಬರೆದಿದೆ. ವಿದೇಶದ ಯೂನಿವರ್ಸಿಟಿಗಳು ಅಲ್ಲಿ ಶಾಖೆ ತೆರೆಯಲು 2024ರಲ್ಲಿ ಕಾನೂನು ಬಂತು. ಅದರ ವಿರುದ್ಧ ನಮ್ಮ ಊರಲ್ಲೂ ವಿದ್ಯಾರ್ಥಿಗಳು ವಾರಗಟ್ಟಲೆ ಬೀದಿಗೆ ಇಳಿದಿದ್ದರು.

ಗುತ್ತಲು ರೋಡ್ ಅವರೇ, ಈಗ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಆ ನಾಲ್ಕು ವಿಷಯದಲ್ಲಿ ಒಂದು ಎಲ್ಲರಿಗೂ ಸಮಾನ: ಗ್ರೀಕ್ ಭಾಷೆ ಮತ್ತು ಸಾಹಿತ್ಯ. ಡಾಕ್ಟರ್ ಆಗುವವನೂ ಪ್ರಬಂಧ ಬರೆಯಬೇಕು. ನಿಮ್ಮವಳಿಗೆ ಅಲ್ಲಿಗೆ ತಲುಪಲು ಆರು ವರ್ಷ ಇದೆ. ಅದು ಸಾಕು, ಆದರೆ ಜಾಸ್ತಿ ಏನೂ ಅಲ್ಲ. ಹದಿನೈದಕ್ಕೆ ಹೋಗಿದ್ದರೆ ನಾನೇ ಇಂಟರ್‌ನ್ಯಾಷನಲ್ ಶಾಲೆ ಅನ್ನುತ್ತಿದ್ದೆ. ಮೊದಲ ವರ್ಷ ಇತಿಹಾಸ, ಹಳೇ ಗ್ರೀಕ್ ಇವುಗಳಲ್ಲಿ ಅಂಕ ಬರಲ್ಲ. ಇದನ್ನು ಅವಳಿಗೆ ಈಗಲೇ ಹೇಳಿಬಿಡಿ, ಅಲ್ಲಿ ಹೋಗಿ ಅಳುವುದು ಬೇಡ. ಲೆಕ್ಕದಲ್ಲಿ ಮೊದಲ ತಿಂಗಳೇ ಎಲ್ಲರೂ ಅವಳ ಕಡೆ ತಿರುಗಿ ನೋಡುತ್ತಾರೆ. ನನ್ನ ಮಗನಿಗೆ ಮೊದಲ ಗೆಳೆಯ ಸಿಕ್ಕಿದ್ದು ಹಾಗೆಯೇ. ಮಗ್ಗಿ ಕೇಳಿ ಆ ಹುಡುಗ ಬೆರಗಾದನಂತೆ. ಇಂಗ್ಲಿಷ್ ಅಲ್ಲಿ ಒಂದನೇ ಕ್ಲಾಸಿನಿಂದಲೇ ಇದೆ, ಹಾಗಾಗಿ ಮಕ್ಕಳ ಜೊತೆ ಮಾತಿಗೆ ಪೂರ್ತಿ ಮೂಕಿ ಆಗಲ್ಲ. ಫ್ರೆಂಚ್ ಅಥವಾ ಜರ್ಮನ್ ಕೂಡ ಬರುತ್ತದೆ, ಅವರೆಲ್ಲ ಐದನೇ ಕ್ಲಾಸಿನಿಂದ ಕಲಿತಿರುತ್ತಾರೆ.

ಶಾಲೆ ಬೆಳಿಗ್ಗೆ ಎಂಟೂಕಾಲು. ಪ್ರೈಮರಿ ಮಧ್ಯಾಹ್ನ ಒಂದೂಕಾಲಿಗೆ ಬಿಡುತ್ತದೆ, ಯಿಮ್ನಾಸಿಯೊ ಅದಕ್ಕಿಂತ ಸ್ವಲ್ಪ ತಡ. ಚಿಕ್ಕವರಿಗೆ ಬೇಕಿದ್ದರೆ ನಾಲ್ಕರ ತನಕ ಇಟ್ಟುಕೊಳ್ಳುವ ವ್ಯವಸ್ಥೆ ಇದೆ, ಊಟದ ಡಬ್ಬಿ ಕಟ್ಟಿ ಕಳಿಸಿ. ಚಿತ್ರಾನ್ನ ಕಳಿಸಿದ ದಿನ ನಮ್ಮವನ ಡಬ್ಬಿ ಸುತ್ತ ಐದು ಜನ. ಹಾಂ, ಯಿಮ್ನಾಸಿಯೊದಲ್ಲಿ ಗೈರುಹಾಜರಿಯನ್ನು ಪೀರಿಯಡ್ ಲೆಕ್ಕದಲ್ಲಿ ಎಣಿಸುತ್ತಾರೆ. ವರ್ಷಕ್ಕೆ 114 ದಾಟಿದರೆ ಮತ್ತೆ ಅದೇ ಕ್ಲಾಸು. ಡಿಸೆಂಬರ್‌ನಲ್ಲಿ ಟಿಕೆಟ್ ಅಗ್ಗ ಸಿಕ್ಕಿತು ಅಂತ ಒಂದು ತಿಂಗಳು ಮಂಡ್ಯಕ್ಕೆ ಬಂದು ಕೂರಬೇಡಿ. ಕ್ರಿಸ್‌ಮಸ್‌ಗೆ ಎರಡು ವಾರ, ಈಸ್ಟರ್‌ಗೆ ಎರಡು ವಾರ ರಜ, ಅಷ್ಟರಲ್ಲಿ ಮುಗಿಸಿ. ದಸರಾಗೆ ರಜ ಇಲ್ಲ. ಅದೊಂದು ನನಗೆ ಇನ್ನೂ ಸಂಕಟ.

ಒಂದೂಕಾಲಿಗೆ ಬಿಟ್ಟರೆ ಆರಾಮ ಅಲ್ವಾ ಅನ್ನಬೇಡಿ. ದೊಡ್ಡ ಮಕ್ಕಳಿಗೆ ಆಮೇಲೆ ಎರಡನೇ ಶಾಲೆ ಶುರು. 'ಫ್ರೊಂದಿಸ್ತಿರಿಯೊ' ಅಂತ ಬೋರ್ಡು ಬೀದಿ ಬೀದಿಯಲ್ಲಿ. ಸರಸ್ವತಿಪುರಂನಲ್ಲಿ ಟ್ಯೂಷನ್ ಬೋರ್ಡು ನೋಡಿದವರಿಗೆ ವಿವರಿಸುವುದು ಬೇಡ. ಶಿಕ್ಷಣ ಉಚಿತ ಅಂತ ಸಂವಿಧಾನ ಹೇಳುತ್ತದೆ, ತಿಂಗಳ ಕೊನೆಗೆ ಟ್ಯೂಷನ್‌ನವರು ಬಿಲ್ ಕೊಡುತ್ತಾರೆ. ನನ್ನ ಮಗ ಈ ಸೆಪ್ಟೆಂಬರ್‌ಗೆ ಲೀಕಿಯೊ ಎರಡನೇ ವರ್ಷ, ನಾವೂ ಆ ಮೆಟ್ಟಿಲು ಹತ್ತುವವರೇ.

ಮರೆತಿದ್ದೆ. ಶಾಲೆ ತೆರೆಯುವುದು ಸುಮಾರು ಸೆಪ್ಟೆಂಬರ್ 11ಕ್ಕೆ. ಆ ದಿನ ಪಾಠ ಇಲ್ಲ. ಪಾದ್ರಿ ಬಂದು ತುಳಸಿ ಕಡ್ಡಿಯಿಂದ ಎಲ್ಲರ ಮೇಲೂ ನೀರು ಚಿಮುಕಿಸುತ್ತಾರೆ. ಹೌದು, ತುಳಸಿಯ ಜಾತಿಯ ಗಿಡವೇ. ಮೊದಲ ಸಲ ನೋಡಿದಾಗ ನನಗೆ ಪುಣ್ಯಾಹ ನೆನಪಾಗಿ ಕಣ್ಣು ತುಂಬಿತು. ಧರ್ಮದ ಪಾಠದಿಂದ ವಿನಾಯಿತಿ ಬೇಕಿದ್ದರೆ ಅರ್ಜಿ ಕೊಡಬಹುದು. ನಾವು ಕೊಡಲಿಲ್ಲ, ಕಥೆ ಕೇಳಲಿ ಬಿಡಿ ಅಂದೆವು.


ಹಿನ್ನೀರು_77 ಬರೆದದ್ದು:

ಸರಿ ಅಕ್ಕಾ, ಐದು ವರ್ಷ ಅಂದರೆ ನನ್ನ ಮಾತು ವಾಪಸ್. ಆದರೆ ಮಕ್ಕಳು ಟೀಚರನ್ನು ಏನಂತ ಕರೆಯಬೇಕು? ಮಿಸ್ ಅಂದರೆ ನಡೆಯುತ್ತಾ?


ಒಂಟಿಕೊಪ್ಪಲಿನವಳು ಬರೆದದ್ದು:

'ಕಿರಿಯಾ' ಅನ್ನಬೇಕು! ಅಮ್ಮಾವ್ರೇ, ಮೇಡಂ ಅಂತ ಅರ್ಥ. ಮಗ ಮೊದಲು ಕಲಿತ ಗ್ರೀಕ್ ಮಾತು ಅದೇ. ಐವತ್ತು ವರ್ಷದ ಟೀಚರನ್ನು ಕಿರಿಯಾ, ಕಿರಿಯಾ ಅಂತ ಕೂಗುವುದು ಕೇಳಿ ನನಗೆ ನಗು ತಡೆಯಲು ಆಗಿರಲಿಲ್ಲ.


ಗುತ್ತಲು_ರೋಡ್ ಬರೆದದ್ದು:

ಮಗಳು ಆಗಲೇ ಮನೆಯಲ್ಲಿ ತಮ್ಮನಿಗೆ 'ನನ್ನನ್ನು ಕಿರಿಯಾ ಅನ್ನು' ಅಂತ ಶುರು ಮಾಡಿದ್ದಾಳೆ. ಅವನು ಒಪ್ಪುತ್ತಿಲ್ಲ, ನೀನು ಹಿರಿಯ ಅಂತಾನೆ.

ಅಕ್ಕಾ, ಎಲ್ಲದಕ್ಕೂ ಉತ್ತರ ಕೊಟ್ಟಿರಿ. ಅತ್ತೆಯ ಪ್ರಶ್ನೆ ಮಾತ್ರ ಬಿಟ್ಟುಬಿಟ್ಟಿರಿ.


ಒಂಟಿಕೊಪ್ಪಲಿನವಳು ಬರೆದದ್ದು:

ಬಿಟ್ಟಿದ್ದು ಬೇಕಂತಲೇ. ನನ್ನ ಮಗ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಅಜ್ಜಿಯ ಜೊತೆ ಜಗಳವನ್ನೂ ಆಡುತ್ತಾನೆ. ಓದುವುದು ಸಿಟಿ ಬಸ್ಸಿನ ಬೋರ್ಡ್ ಮಟ್ಟಿಗೆ, ಅದೂ ಬಸ್ಸು ನಿಂತಿದ್ದರೆ. ಅ ಆ ಇ ಈ ನಾನೇ ಹೇಳಿಕೊಡಬೇಕಿತ್ತು. ಭಾನುವಾರ ಭಾನುವಾರ ಅಂತ ಮುಂದಕ್ಕೆ ಹಾಕಿದೆ.

ಮುಂದಿನ ವಾರ ಮಂಡ್ಯದಿಂದ ಪುಷ್‌ಪುಲ್ ಹತ್ತಿ ಬನ್ನಿ, ಮಕ್ಕಳನ್ನೂ ಕರೆತನ್ನಿ. ಮಗನ ಹತ್ತಿರ ಇದ್ದ ಒಂದನೇ ಕ್ಲಾಸಿನ ಗ್ರೀಕ್ ಪುಸ್ತಕ ಇಲ್ಲೇ ಅಟ್ಟದ ಮೇಲಿದೆ, ನಿಮ್ಮ ಮಗಳಿಗೆ ಕೊಡುತ್ತೇನೆ. ಬರುವಾಗ ಅವಳ ಹಳೇ ನಲಿ ಕಲಿಯೋ ಕಾಗುಣಿತದ ಪುಸ್ತಕವೋ ಏನಿದೆಯೋ ತನ್ನಿ.